ಅಘನಾಶಿನಿಗೆ ರಾಮ್ಸಾರ್ ಪಟ್ಟ: ಕಾನೂನಿನಲ್ಲಿ ಅದರ ತೂಕವೆಷ್ಟು?

ಉತ್ತರ ಕನ್ನಡದ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು. ಇನ್ನು ಅಲ್ಲಿ ಯಾರೂ ಒಂದು ಕಲ್ಲನ್ನೂ ಇಡುವಂತಿಲ್ಲ ಎಂದು ನಂಬಿದವರಿದ್ದಾರೆ. ಹಾಗಿಲ್ಲ.

1971ರ ರಾಮ್ಸಾರ್ ಒಪ್ಪಂದ ಕೇಳುವುದು ಜೌಗು ಪ್ರದೇಶದ ವಿವೇಕಯುತ ಬಳಕೆಯನ್ನು. ಬಳಚು (ಚಿಪ್ಪುಮೀನು) ಹೆಕ್ಕುವುದಕ್ಕೆ, ಗಜನಿ ಎಂಬ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವುದಕ್ಕೆ ಅದರ ಅಡ್ಡಿಯಿಲ್ಲ. ಆದರೆ ಮಾತು ತಪ್ಪಿದ ದೇಶಕ್ಕೆ ದಂಡ ಹಾಕುವ ಅಧಿಕಾರವೂ ಅದಕ್ಕಿಲ್ಲ. ಅಂತರರಾಷ್ಟ್ರೀಯ ಒಪ್ಪಂದಕ್ಕೆ ನಮ್ಮಲ್ಲಿ ಬಲ ಬರುವುದು ಹೆಚ್ಚಾಗಿ ಎರಡು ದಾರಿಯಿಂದ. ಒಂದು, ಸಂವಿಧಾನದ 253ನೇ ವಿಧಿಯಡಿ ಸಂಸತ್ತು ಮಾಡುವ ಕಾನೂನು: 1972ರ ಸ್ಟಾಕ್‌ಹೋಮ್ ಚರ್ಚೆಯ ಫಲ 1986ರ ಪರಿಸರ ಸಂರಕ್ಷಣಾ ಕಾಯ್ದೆ. ಇನ್ನೊಂದು, ನ್ಯಾಯಾಲಯದ ತೀರ್ಪು. ರಿಯೋದಲ್ಲಿ 1992ರಲ್ಲಿ ಒಪ್ಪಿದ ಮುನ್ನೆಚ್ಚರಿಕೆಯ ತತ್ವವನ್ನು (ಹಾನಿಗೆ ಪೂರ್ಣ ವೈಜ್ಞಾನಿಕ ಪುರಾವೆ ಸಿಗಲಿ ಎಂದು ಕಾಯದೆ ತಡೆಯಬೇಕೆಂಬುದು) ಸುಪ್ರೀಂ ಕೋರ್ಟ್ 1996ರ ವೆಲ್ಲೂರು ಪ್ರಕರಣದಲ್ಲಿ ಈ ನೆಲದ ಕಾನೂನೆಂದೇ ಸಾರಿತು. ಈಗ ಅದು ಪರಿಸರ ವ್ಯಾಜ್ಯ ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಕಾಯ್ದೆಯ 20ನೇ ಕಲಮಿನಲ್ಲಿದೆ.

ಅಘನಾಶಿನಿಯ ತೊಡಕು ಬೇರೆ. 2017ರ ಜೌಗು ಪ್ರದೇಶ ನಿಯಮಗಳು ರಾಮ್ಸಾರ್ ತಾಣಗಳಿಗೆ ಅನ್ವಯ ಎನ್ನುತ್ತವೆ. ಅದೇ 3ನೇ ನಿಯಮದ ಬಾಲದಲ್ಲಿ, ಅರಣ್ಯ ಕಾಯ್ದೆ ಅಥವಾ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ವ್ಯಾಪ್ತಿಯ ಜಾಗಕ್ಕೆ ಅನ್ವಯಿಸದು ಎಂಬ ಷರತ್ತಿದೆ. ಉಬ್ಬರದ ನೀರು ಆಡುವ ಅಳಿವೆ ಸಿಆರ್‌ಝಡ್‌ಗೇ ಸೇರಿದ್ದು. ಹಾಗಾಗಿ ಅಲ್ಲಿ ಬರುವ ಯೋಜನೆಯ ವಿರುದ್ಧದ ತಕರಾರಿನಲ್ಲಿ ಬರೀ ರಾಮ್ಸಾರ್ ಹೆಸರೆತ್ತಿದರೆ ಎದುರಿನ ವಕೀಲರ ಕೆಲಸ ಹಗುರ. ವಾದ ನಿಲ್ಲಬೇಕಾದ್ದು 2019ರ ಸಿಆರ್‌ಝಡ್ ಅಧಿಸೂಚನೆಯ ಮೇಲೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಸಿಆರ್‌ಝಡ್-1ಎ, ಅಂದರೆ ಪರಿಸರ ಸೂಕ್ಷ್ಮ ವರ್ಗ; ಅದು 1,000 ಚದರ ಮೀಟರ್ ಮೀರಿದರೆ ಸುತ್ತ 50 ಮೀಟರ್ ರಕ್ಷಣಾ ಪಟ್ಟಿ ಬಿಡಬೇಕು. ಹೊಳೆಯಲ್ಲಿ ಸಿಆರ್‌ಝಡ್ ಎಲ್ಲಿಯವರೆಗೆ? ವರ್ಷದ ಅತಿ ಒಣ ಕಾಲದಲ್ಲಿ ಸಾವಿರ ಪಾಲು ನೀರಿಗೆ 5 ಪಾಲು ಉಪ್ಪು ಸಿಗುವವರೆಗೆ. ಮಳೆಗಾಲದಲ್ಲಿ ಅಳೆದ ಉಪ್ಪಿನ ಲೆಕ್ಕ ಕಂಡರೆ ಅಲ್ಲೇ ಆಕ್ಷೇಪ ಎತ್ತಿ.

ಸಾರ್ವಜನಿಕ ಅಹವಾಲು ಸಭೆ ನಡೆಯಬೇಕಾದ ಯೋಜನೆಯಾದರೆ, 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯಂತೆ ಕನಿಷ್ಠ 30 ದಿನ ಮೊದಲು ನೋಟಿಸು ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಭೆಗೆ ಕೋರಂ ಇಲ್ಲ. ಬಹಿಷ್ಕಾರ ಹಾಕಿದರೂ ಸಭೆ ನಡೆದಂತೆಯೇ. ಘೋಷಣೆ ಕೂಗಿದ್ದು ಹೆಚ್ಚೆಂದರೆ ವಿಡಿಯೊದಲ್ಲಿ ಉಳಿಯುತ್ತದೆ. ಸರ್ವೆ ನಂಬರು, ಕರಾವಳಿ ವಲಯ ನಕ್ಷೆಯ ಹಾಳೆ ಸಂಖ್ಯೆ, ದೋಣಿ ನಿಲ್ಲಿಸುವ ಜಾಗ ಇವನ್ನೆಲ್ಲ ಬರೆದು ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಇಟ್ಟುಕೊಳ್ಳಿ. ಕೊನೆಯಲ್ಲಿ ಜನ ಹೇಳಿದ್ದನ್ನು ಕನ್ನಡದಲ್ಲಿ ಓದಿ ಹೇಳಬೇಕೆಂದು ಅಧಿಸೂಚನೆಯಲ್ಲೇ ಇದೆ. ಹೆಚ್ಚಿನವರು ಅಷ್ಟರಲ್ಲಿ ಎದ್ದು ಹೋಗಿರುತ್ತಾರೆ!

ಅನುಮತಿ ಸಿಕ್ಕಿಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ. ತಕ್ಕ ಕಾರಣ ಕೊಟ್ಟರೆ ಇನ್ನೂ 60 ದಿನ. ಆಮೇಲೆ ವಿಳಂಬ ಮನ್ನಿಸುವ ಅಧಿಕಾರ ಮಂಡಳಿಗೇ ಇಲ್ಲ. ಆದೇಶ ಸಾರ್ವಜನಿಕವಾಗಿ ಪ್ರಕಟವಾದ ದಿನದಿಂದಲೇ ಲೆಕ್ಕ ಶುರು, ಪಂಚಾಯಿತಿಗೆ ಪ್ರತಿ ಬರಲಿ ಎಂದು ಕಾದು ಕೂರಬೇಡಿ.