ಓದುಗರ ಪ್ರಶ್ನೆ: ಹಳೇ ಆಪ್ಟಿಮಸ್ ಮೇಲಾ, ಹೊಸದು ಮೇಲಾ?

ಪ್ರಶ್ನೆ: ನಮ್ಮ ಚಿಕ್ಕಪ್ಪ ಎಂಬತ್ತರ ದಶಕದ ಕೊನೆಗೆ ಮಸ್ಕತ್‌ನಿಂದ ಬರುವಾಗ ಒಂದು ಆಪ್ಟಿಮಸ್ ಪ್ರೈಮ್ (ಲಾರಿ ಮಡಚಿ ತಿರುಗಿಸಿದರೆ ರೋಬೋ ಆಗುವ ಟ್ರಾನ್ಸ್‌ಫಾರ್ಮರ್ಸ್ ಗೊಂಬೆ) ತಂದಿದ್ದರು. ಮೊನ್ನೆ ಅಟ್ಟ ಗುಡಿಸುವಾಗ ಟ್ರಂಕಿನಲ್ಲಿ ಸಿಕ್ಕಿತು. ಕೈಮುಷ್ಟಿ ಎರಡೂ ಇಲ್ಲ. ಮಗನಿಗೆ ಹೊಸದೊಂದು ಕೊಡಿಸಿ ಎರಡನ್ನೂ ಪಕ್ಕಪಕ್ಕ ಇಡೋಣ ಅಂತಿದ್ದೇನೆ. ಹೊಸದು ನಿಜಕ್ಕೂ ಹಳೇದಕ್ಕಿಂತ ಚೆನ್ನಾಗಿರುತ್ತಾ? ಸುಮ್ನೆ ಹಳೇದನ್ನೇ ಸರಿಮಾಡಿಕೊಳ್ಳಲಾ?
(ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಮಗ ಆಡೋದಾದರೆ ಹೊಸದು. ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೇದನ್ನು ಹೊಸದರ ಪಕ್ಕ ಇಟ್ಟು "ಇದೇನು, ಮರದ ಕೊರಡಿನ ಹಾಗೆ ನಿಂತಿದೆ" ಅಂತ ನಗಬೇಡಿ. ಎರಡೂ ಒಂದೇ ಹೆಸರಿನವು ಅಷ್ಟೆ, ಒಂದೇ ಕೆಲಸಕ್ಕೆ ಮಾಡಿದವಲ್ಲ. ಈ ಪ್ರಶ್ನೆ ಬಹಳ ಜನ ಕೇಳುತ್ತಾರೆ, ಬಹಳ ಜನ ತಪ್ಪು ತೂಕಕ್ಕೆ ಹಾಕಿಯೇ ಅಳೆಯುತ್ತಾರೆ.

ಮೊದಲು ಹಳೇದರ ಹುಟ್ಟು ನೋಡೋಣ. ಟ್ರಾನ್ಸ್‌ಫಾರ್ಮರ್ಸ್ ಎಂಬ ಹೆಸರು ಬಂದಿದ್ದು 1984ರಲ್ಲಿ, ಅಮೆರಿಕದ ಹ್ಯಾಸ್ಬ್ರೊ ಕಂಪನಿಯಿಂದ. ಗೊಂಬೆಗಳು ಮಾತ್ರ ಅದಕ್ಕೂ ಮೊದಲೇ ಇದ್ದವು. ಜಪಾನಿನ ಟಕಾರಾ ಕಂಪನಿ 1980ರಿಂದ ಡಯಾಕ್ಲೋನ್ ಅಂತ ಒಂದು ಸಾಲು ಮಾರುತ್ತಿತ್ತು. ಜೊತೆಗೆ ಮೈಕ್ರೋಮ್ಯಾನ್ ಎಂಬ ಸಾಲಿನೊಳಗೆ ಮೈಕ್ರೋ ಚೇಂಜ್ ಅಂತ ಇನ್ನೊಂದು. ಹ್ಯಾಸ್ಬ್ರೊ ಇವೆರಡರಿಂದಲೂ ಗೊಂಬೆ ಆರಿಸಿ, ಪೆಟ್ಟಿಗೆ ಬದಲಿಸಿ, ಹೊಸ ಹೆಸರು, ಹೊಸ ಕಥೆ ಕೊಟ್ಟಿತು. ಒಳ್ಳೆಯವರು ಆಟೋಬಾಟ್, ಕೆಟ್ಟವರು ಡಿಸೆಪ್ಟಿಕಾನ್ ಎಂಬ ಜಗಳವೆಲ್ಲ ಆಮೇಲಿನದು. ನಿಮ್ಮ ಆಪ್ಟಿಮಸ್ ಜಪಾನಿನಲ್ಲಿ ಅದಕ್ಕೂ ಮೊದಲು ಬ್ಯಾಟಲ್ ಕಾನ್ವಾಯ್ ಆಗಿತ್ತು.

ಡಯಾಕ್ಲೋನ್‌ನಲ್ಲಿ ರೋಬೋಗೆ ಜೀವ ಇರಲಿಲ್ಲ. ಅದು ಬರೀ ಯಂತ್ರ, ಓಡಿಸೋಕೆ ಒಬ್ಬ ಡ್ರೈವರ್ ಬೇಕು. ಬೆರಳಿನ ತುದಿಯಷ್ಟಿದ್ದ ಪುಟಾಣಿ ಡ್ರೈವರ್ ಗೊಂಬೆಗಳು ಜೊತೆಗೇ ಬರುತ್ತಿದ್ದವು. ಅವುಗಳ ಪಾದದಲ್ಲಿ ಆಯಸ್ಕಾಂತ ಇರುತ್ತಿತ್ತು. ನಿಮ್ಮ ಹಳೇ ಆಪ್ಟಿಮಸ್ ಎದೆಯ ಮೇಲಿನ ಕಿಟಕಿಯನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ ನೋಡಿ, ತೆರೆದುಕೊಳ್ಳುತ್ತದೆ. ಒಳಗೆ ಖಾಲಿ ಜಾಗ. ಅದು ಆ ಡ್ರೈವರಿನ ಕೋಣೆ. ಹ್ಯಾಸ್ಬ್ರೊ ಡ್ರೈವರನ್ನು ತೆಗೆದುಹಾಕಿತು, ಕೋಣೆ ಹಾಗೇ ಉಳಿಯಿತು. 1986ರ ಅನಿಮೇಷನ್ ಚಿತ್ರದಲ್ಲಿ ಆಪ್ಟಿಮಸ್ ಎದೆಯೊಳಗೆ ಮೇಟ್ರಿಕ್ಸ್ ಎಂಬ ಹೊಳೆಯುವ ವಸ್ತು ಕಾಣಿಸಿಕೊಂಡಿತು. ಹೊಸ ಆಪ್ಟಿಮಸ್‌ಗಳಲ್ಲಿ ಎದೆ ತೆರೆದರೆ ಅದೇ ಮೇಟ್ರಿಕ್ಸ್ ಇರುವುದುಂಟು. ಹಳೇದರಲ್ಲಿ ಇಲ್ಲ. ಕಳೆದುಹೋಗಿದೆ ಅಂತ ಟ್ರಂಕನ್ನೆಲ್ಲ ಜಾಲಾಡಬೇಡಿ.

ಇನ್ನೊಂದು ಗೊಂದಲವೂ ಇಲ್ಲೇ ಬಗೆಹರಿಯುತ್ತದೆ. ಹಳೇ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿದರೆ ಅಳತೆಗೆ ತಾಳಮೇಳ ಇರೋದಿಲ್ಲ. ಲಾರಿ ಇಷ್ಟು, ಜೆಟ್ ವಿಮಾನವೂ ಹೆಚ್ಚುಕಡಿಮೆ ಅಷ್ಟೇ. ಕಾರಾಗುವ ಬಂಬಲ್‌ಬೀ ಹಿಡಿಯೊಳಗೆ ಮುಚ್ಚಿಹೋಗುತ್ತದೆ. ಯಾಕೆಂದರೆ ಡಯಾಕ್ಲೋನ್ ವಾಹನಗಳನ್ನು ಆ ಡ್ರೈವರ್ ಗೊಂಬೆಯ ಅಳತೆಗೆ ಚಿಕ್ಕದು ಮಾಡಿದ್ದರು, ಸುಮಾರು ಅರವತ್ತರಲ್ಲಿ ಒಂದು ಪಾಲಿಗೆ. ಮೈಕ್ರೋ ಚೇಂಜ್‌ನ ಯೋಚನೆಯೇ ಬೇರೆ. ನಿಮ್ಮ ಮನೆಯ ಮೇಜಿನ ಮೇಲಿರುವ ಸಾಮಾನೇ ರೋಬೋ ಆಗಿಬಿಟ್ಟರೆ? ಹಾಗಾಗಿ ಸೌಂಡ್‌ವೇವ್ ಒಂದು ಕ್ಯಾಸೆಟ್ ಪ್ಲೇಯರ್. ಪರ್ಸೆಪ್ಟರ್ ಒಂದು ಸೂಕ್ಷ್ಮದರ್ಶಕ. ಮೆಗಾಟ್ರಾನ್ ಒಂದು ವಾಲ್ಥರ್ ಪಿ38 ಪಿಸ್ತೂಲು. ಬಂಬಲ್‌ಬೀ ನಿಜವಾದ ಫೋಕ್ಸ್‌ವ್ಯಾಗನ್ ಬೀಟಲ್ ಅಲ್ಲವೇ ಅಲ್ಲ, ಮಕ್ಕಳು ಆಡುವ ಗುಂಡುಗುಂಡು ಬೀಟಲ್ ಆಟಿಕೆ ಕಾರು. ಆಟಿಕೆಯ ಆಟಿಕೆ ಅನ್ನಿ. ಎರಡು ಬೇರೆ ಬೇರೆ ಲೋಕದವರನ್ನು ಹ್ಯಾಸ್ಬ್ರೊ ಒಂದೇ ಮನೆಗೆ ತಂದು ಅಣ್ಣತಮ್ಮಂದಿರು ಅಂದಿತು. ಅಳತೆ ಹೊಂದೋದು ಹೇಗೆ?

ಹೊಸದರ ಕಥೆ ಉಲ್ಟಾ. ಅಲ್ಲಿ ಮೊದಲು ಪಾತ್ರ, ಆಮೇಲೆ ಗೊಂಬೆ. ಟಿವಿಯಲ್ಲಿ, ಸಿನಿಮಾದಲ್ಲಿ ಆಪ್ಟಿಮಸ್ ಹೇಗೆ ಕಾಣುತ್ತಾನೆ ಅಂತ ಚಿತ್ರ ಎದುರಿಗಿಟ್ಟುಕೊಂಡು ಗೊಂಬೆ ಮಾಡುತ್ತಾರೆ. 2003ರಲ್ಲಿ ಟಕಾರಾ ಮಾಸ್ಟರ್‌ಪೀಸ್ ಎಂಬ ದುಬಾರಿ ಸಾಲನ್ನು ಕಾನ್ವಾಯ್‌ನಿಂದಲೇ (ಜಪಾನಿನಲ್ಲಿ ಆಪ್ಟಿಮಸ್ ಹೆಸರು ಇದೇ) ಶುರು ಮಾಡಿತು. 2006ರಲ್ಲಿ ಟಕಾರಾ ಮತ್ತು ಟೋಮಿ ಕಂಪನಿಗಳು ಒಂದಾದವು, ಈಗ ಪೆಟ್ಟಿಗೆಯ ಮೇಲೆ ಟಕಾರಾ ಟೋಮಿ ಅಂತ ಇರುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಸಾಲುಗಳಲ್ಲಿ ಹಳೇ ಪಾತ್ರಗಳನ್ನು ಹೊಸದಾಗಿ ಮಾಡಿದ್ದು ಸೀಜ್, ಅರ್ಥ್‌ರೈಸ್, ಕಿಂಗ್ಡಮ್, ಲೆಗಸಿ ಇತ್ಯಾದಿ. ಸಿನಿಮಾ ರೂಪಕ್ಕೆ 2018ರಿಂದ ಸ್ಟುಡಿಯೋ ಸೀರೀಸ್ ಇದೆ. ಪೆಟ್ಟಿಗೆಯ ಮೇಲೆ ಡೀಲಕ್ಸ್ ಅಂತಿದ್ದರೆ ಸುಮಾರು 14 ಸೆಂಟಿಮೀಟರ್ ಎತ್ತರ, ವಾಯೇಜರ್ ಅಂತಿದ್ದರೆ ಸುಮಾರು 18. ಲಾರಿಯ ಹಿಂದೆ ಸಿಕ್ಕಿಸುವ ಟ್ರೈಲರ್ ಜೊತೆ ಬೇಕು ಅಂದರೆ ಲೀಡರ್ ಅಳತೆಯದನ್ನು ಹುಡುಕಿ. 2020ರ ಅರ್ಥ್‌ರೈಸ್ ಆಪ್ಟಿಮಸ್ ಅಂಥದ್ದು.

ಈಗ ಎರಡನ್ನೂ ಕೈಗೆ ತಗೊಳ್ಳಿ. ಹಳೇದರಲ್ಲಿ ಲಾರಿಯ ಹಿಂಭಾಗವೇ ಕಾಲು, ಕ್ಯಾಬಿನ್ನಿನ ಎರಡು ಪಕ್ಕಗಳೇ ತೋಳು, ತಲೆ ಒಳಗಿನಿಂದ ಮಗುಚಿಕೊಂಡು ಮೇಲೆ ಬರುತ್ತದೆ. ಕೊನೆಗೆ ಮುಷ್ಟಿ ಎರಡನ್ನು ತೋಳಿನ ತೂತಿಗೆ ಚುಚ್ಚಬೇಕು. ಅಷ್ಟೇ. ಸೂಚನೆ ಹಾಳೆ ಇಲ್ಲದೆಯೂ ಐದು ವರ್ಷದ ಮಗು ಮಾಡುತ್ತದೆ. ಪ್ರತಿ ತಿರುವಿಗೂ ಟಕ್ ಅಂತ ಒಂದು ಸದ್ದು. ಬದಲಾದ ಮೇಲೆ ಆತ ನೆಟ್ಟಗೆ ನಿಲ್ಲುತ್ತಾನೆ, ಕೈ ಸ್ವಲ್ಪ ಆಡುತ್ತದೆ, ಬೇರೇನೂ ಇಲ್ಲ. ಹೊಸದರಲ್ಲಿ ಮೊಣಕೈ, ಮೊಣಕಾಲು, ಸೊಂಟ, ಪಾದ ಎಲ್ಲವೂ ತಿರುಗುತ್ತವೆ. ಮಂಡಿಯೂರಿಸಬಹುದು, ಓಡುವ ಭಂಗಿಯಲ್ಲಿ ನಿಲ್ಲಿಸಬಹುದು. ಮುಷ್ಟಿ ತೋಳಿನೊಳಗೇ ಮಡಚಿಕೊಂಡು ಕೂರುತ್ತದೆ, ಕಳೆಯುವ ಭಯ ಇಲ್ಲ. ಆದರೆ ಹಂತಗಳು ಜಾಸ್ತಿ. ಒಂದು ಫಲಕ ಒಂದು ಕೂದಲೆಳೆ ಆಚೀಚೆ ಕೂತರೂ ಲಾರಿ ಸರಿಯಾಗಿ ಮುಚ್ಚಿಕೊಳ್ಳೋದಿಲ್ಲ. ಮಗ "ಅಪ್ಪಾ, ಇದನ್ನು ಲಾರಿ ಮಾಡಿಕೊಡು" ಅಂತ ದಿನಾ ನಿಮ್ಮ ಹತ್ತಿರವೇ ಬರುತ್ತಾನೆ, ನೋಡುತ್ತಿರಿ.

ಬಿಡಿಭಾಗಗಳ ವಿಷಯದಲ್ಲಿ ಹಳೇ ಜೆಟ್‌ಗಳಷ್ಟು ಕಾಟ ಕೊಟ್ಟವು ಬೇರಿಲ್ಲ. ಎಫ್-15 ವಿಮಾನ ಆಗುವ ಸ್ಟಾರ್‌ಸ್ಕ್ರೀಮ್‌ಗೆ ರೆಕ್ಕೆ, ಬಾಲದ ರೆಕ್ಕೆ, ಮುಷ್ಟಿ, ಕ್ಷಿಪಣಿ ಎಲ್ಲವೂ ಬಿಡಿಬಿಡಿ. ಎಲ್ಲವೂ ಇರುವ ಹಳೇ ಸ್ಟಾರ್‌ಸ್ಕ್ರೀಮ್ ಸಿಗೋದೇ ಕಷ್ಟ. ಹೊಸ ಸ್ಟಾರ್‌ಸ್ಕ್ರೀಮ್‌ನಲ್ಲಿ ಇವೆಲ್ಲ ಮೈಗೇ ಅಂಟಿಕೊಂಡಿವೆ. ಒಂದು ಚಾಳಿ ಮಾತ್ರ ಇವತ್ತಿಗೂ ಬಿಟ್ಟಿಲ್ಲ. ಅಂದು ಅದೇ ಅಚ್ಚಿಗೆ ಬಣ್ಣ ಬದಲಿಸಿ ಸ್ಕೈವಾರ್ಪ್, ಥಂಡರ್‌ಕ್ರ್ಯಾಕರ್ ಅಂತ ಮಾರಿದರು, ಇಂದೂ ಹಾಗೇ ಮಾರುತ್ತಾರೆ.

ಹೊಸದರಲ್ಲಿ ನನಗೆ ಸೇರದ್ದು ಪೊಳ್ಳು. ಗೊಂಬೆಯನ್ನು ತಿರುಗಿಸಿ ತೋಳಿನ ಒಳಮೈ, ಕಾಲಿನ ಹಿಂಭಾಗ ನೋಡಿ, ಪ್ಲಾಸ್ಟಿಕ್ ಉಳಿಸೋಕೆ ಕೆರೆದು ತೆಗೆದ ಹಾಗಿರುತ್ತದೆ. 1984–85ರ ಹಲವು ಕಾರುಗಳಲ್ಲಿ ಡೈಕಾಸ್ಟ್ ಲೋಹದ ಭಾಗ, ರಬ್ಬರ್ ಟೈರು, ಕನ್ನಡಿಯಂತೆ ಹೊಳೆಯುವ ಕ್ರೋಮ್ ಇರುತ್ತಿದ್ದವು. ಅಂಗೈಗೆ ತೂಕ ತಾಗುತ್ತಿತ್ತು. ಆ ಸುಖ ಇಂದಿನ ಡೀಲಕ್ಸ್‌ನಲ್ಲಿ ಇಲ್ಲ. ಹಳೇ ಆಕಾರವೇ ಬೇಕು, ಹೊಸ ಕೀಲುಗಳೂ ಬೇಕು ಅನ್ನುವವರಿಗೆ ಟಕಾರಾ ಟೋಮಿ 2024ರಲ್ಲಿ ಮಿಸ್ಸಿಂಗ್ ಲಿಂಕ್ ಅಂತ ಒಂದು ಸಾಲು ತಂದಿದೆ. ಮೊದಲನೆಯದು ಮತ್ತೆ ಕಾನ್ವಾಯೇ. ಬೆಲೆ ಕೇಳಿದರೆ ಆಟದ ಸಾಮಾನು ಅನ್ನಿಸೋದಿಲ್ಲ. ನನ್ನ ಮಟ್ಟಿಗೆ ಹಳೇದು, ಹೊಸದು ಎರಡರ ನಡುವಿನ ಜಗಳಕ್ಕೆ ಸಿಕ್ಕ ಒಳ್ಳೆಯ ಉತ್ತರ ಅದೇ.

ಇನ್ನು ನಮ್ಮ ಊರಿನ ನಿಜವಾದ ಶತ್ರು, ಥಂಡಿ. ಬೆಂಗಳೂರಿನವರು ಬಿಸಿಲಿಗೆ ಗೊಂಬೆ ಹಳದಿ ಆಗುತ್ತೆ ಅಂತ ಹೆದರುತ್ತಾರೆ. ನಮಗೆ ಪುನರ್ವಸು, ಪುಷ್ಯ ಮಳೆ ಹಿಡಿದರೆ ಬಟ್ಟೆಯೇ ಒಣಗೋದಿಲ್ಲ, ಗೊಂಬೆಯ ಮಾತು ದೂರ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆಯ ಅಟ್ಟದಲ್ಲಿಟ್ಟ ಹಳೇ ಗೊಂಬೆಗೆ ನಾಲ್ಕು ಕಡೆಯಿಂದ ಪೆಟ್ಟು. ಸ್ಟಿಕ್ಕರಿನ ಅಂಚು ಎದ್ದು ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಉಕ್ಕಿನ ಸ್ಕ್ರೂ, ಪಿನ್ನು, ಸ್ಪ್ರಿಂಗ್ ತುಕ್ಕು ಹಿಡಿದು, ಆ ಕಂದು ಬಣ್ಣ ಪ್ಲಾಸ್ಟಿಕ್ಕಿಗೂ ಇಳಿಯುತ್ತದೆ. ಡೈಕಾಸ್ಟ್ ಅಂದರೆ ಸತುವಿನ ಮಿಶ್ರಲೋಹ, ಬಣ್ಣ ಕಿತ್ತುಹೋದ ಕಡೆ ಬಿಳಿ ಪುಡಿ ಏಳುತ್ತದೆ. ರಟ್ಟಿನ ಪೆಟ್ಟಿಗೆ ಉಳಿದಿದ್ದರೆ ಅದು ಗೆದ್ದಲಿನ ಪಾಲು. ಹಳೇ ಮನೆಯ ಅಟ್ಟ ಅಡುಗೆಮನೆಯ ಮೇಲೇ ಇದ್ದರೆ ಹೊಗೆಯ ಜಿಗುಟು ಬೇರೆ.

ಹಾಗಾಗಿ ಸಿಕ್ಕಿದ ತಕ್ಷಣ ಲಾರಿಯನ್ನು ರೋಬೋ ಮಾಡೋಕೆ ಹೋಗಬೇಡಿ. ತುಕ್ಕು ಹಿಡಿದ ಪಿನ್ನನ್ನು ಬಲವಂತವಾಗಿ ತಿರುಗಿಸಿದರೆ ಅದನ್ನು ಹಿಡಿದ ಪ್ಲಾಸ್ಟಿಕ್ಕೇ ಸೀಳುತ್ತದೆ. ಮೊದಲು ಒಣ ಬ್ರಶ್ಶಿನಲ್ಲಿ ಧೂಳು ತೆಗೆಯಿರಿ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬಟ್ಟೆ ಅದ್ದಿ ಹಿಂಡಿ ಒರೆಸಿ. ಗೊಂಬೆಯನ್ನೇ ನೀರಿನಲ್ಲಿ ಮುಳುಗಿಸಬೇಡಿ, ಒಳಗೆ ಸ್ಪ್ರಿಂಗ್ ಇರುತ್ತದೆ. ಕ್ರೋಮ್ ಮೇಲೆ ಸ್ಪಿರಿಟ್ಟು ಬೇಡ, ಉಜ್ಜೋದೂ ಬೇಡ. ಪ್ಲಾಸ್ಟಿಕ್ಕಿನ ಮೇಲೆ ಉಸಿರಿನಷ್ಟು ತೆಳ್ಳಗೆ ಹಿಡಿಸಿದ ಲೋಹ ಅದು, ಒಮ್ಮೆ ಹೋದರೆ ಹೋಯಿತು. ಕೀಲು ಬಿಗಿ ಅಂತ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿದೆ. ಬೇಡ. ಧೂಳು ಕಚ್ಚುತ್ತದೆ, ಕಮಟು ವಾಸನೆ ಬರುತ್ತದೆ.

ಇಡೋದಕ್ಕೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಚೀಲ. ಬಣ್ಣ ಬದಲಾಗುವ ಸಿಲಿಕಾ ಜೆಲ್ ತಗೊಂಡರೆ ಯಾವಾಗ ನೀರು ಕುಡಿದು ತುಂಬಿತು ಅಂತ ಕಣ್ಣಿಗೇ ಕಾಣುತ್ತದೆ, ಮತ್ತೆ ಬಿಸಿ ಮಾಡಿ ಒಣಗಿಸಬಹುದು. ಕ್ಯಾಮೆರಾ ಲೆನ್ಸ್ ಇಟ್ಟುಕೊಂಡಿರುವ ಶಿವಮೊಗ್ಗದ ಫೋಟೋಗ್ರಾಫರುಗಳಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು, ಕೇಳಿ ನೋಡಿ. ಮಳೆಗಾಲಕ್ಕೆ ಮೊದಲೇ ಡಬ್ಬಕ್ಕೆ ಸೇರಿಸಿ. ರಬ್ಬರ್ ಟೈರು ಪ್ಲಾಸ್ಟಿಕ್ಕಿಗೆ ಒತ್ತಿಕೊಂಡು ವರ್ಷಗಟ್ಟಲೆ ಕೂತರೆ ಕಲೆ ಬೀಳುತ್ತದೆ, ಅದನ್ನೂ ನೋಡಿಕೊಳ್ಳಿ.

ನಿಮ್ಮದು ಅಸಲಿಯೇ ಅನ್ನೋದನ್ನೂ ಪರೀಕ್ಷಿಸಬೇಕಲ್ವಾ. ಮೈಮೇಲೆ ಎಲ್ಲಾದರೂ ಹ್ಯಾಸ್ಬ್ರೊ, ಟಕಾರಾ, ಜಪಾನ್ ಎಂಬ ಅಚ್ಚು ಇರುತ್ತದೆ. ಅದರ ಪಕ್ಕದ ಇಸವಿ ಹಕ್ಕುಸ್ವಾಮ್ಯದ್ದು, ಗೊಂಬೆ ತಯಾರಾದ ವರ್ಷದ್ದಲ್ಲ. ಹಾಗಾಗಿ ಇಸವಿ ಒಂದನ್ನೇ ನಂಬಿ ದುಡ್ಡು ಕೊಡಬಾರದು. 1985ರಿಂದ ನಕಲಿ ತಡೆಯೋಕೆ ಒಂದು ಚೌಕಾಕಾರದ ಸ್ಟಿಕ್ಕರ್ ಅಂಟಿಸಿದರು. ಬೆರಳಿನಿಂದ ಉಜ್ಜಿ ಬಿಸಿ ಮಾಡಿದರೆ ಒಳಗಿನ ಮುಖದ ಚಿತ್ರ ಕಾಣುತ್ತದೆ. 1984ರಲ್ಲಿ ಬಂದ ಮೊದಲ ಗೊಂಬೆಗಳಿಗೆ ಇದು ಇರಲಿಲ್ಲ, ಆದ್ದರಿಂದ ಸ್ಟಿಕ್ಕರ್ ಇಲ್ಲ ಅಂದಮಾತ್ರಕ್ಕೆ ನಕಲಿ ಅನ್ನುವಂತಿಲ್ಲ. ಆಪ್ಟಿಮಸ್‌ನಲ್ಲಿ ಇನ್ನೊಂದು ಸುಳಿವು ಕ್ಯಾಬಿನ್ನಿನ ಎರಡು ಹೊಗೆ ಕೊಳವೆಗಳು. 2002ರಲ್ಲಿ ಅಮೆರಿಕದಲ್ಲಿ ಮತ್ತೆ ಬಿಡುಗಡೆ ಮಾಡಿದಾಗ ಮಕ್ಕಳ ಸುರಕ್ಷತೆಗೆ ಅಂತ ಅವನ್ನು ಗಿಡ್ಡ ಮಾಡಿದರು. ನಿಮ್ಮದು ಎಂಬತ್ತರ ದಶಕದಲ್ಲೇ ಬಂದದ್ದು, ಉದ್ದವಾಗಿರಬೇಕು. ಮುರಿಯದೆ ಉಳಿದಿದ್ದರೆ.

ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲೋ ಸಾಗರದ ಜಾತ್ರೆಯಲ್ಲೋ ಸಿಗುವ "ರೋಬೋ ಕಾರು"ಗಳ ಲೆಕ್ಕವೇ ಬೇರೆ. ಎರಡು ದಿನ ಆಡಿ ಮುರಿಯೋಕೆ ಅಡ್ಡಿಯಿಲ್ಲ, ಆದರೆ ಅಂಚು ಚೂಪಾಗಿದೆಯಾ, ಬಣ್ಣ ಕೈಗೆ ಹತ್ತುತ್ತದೆಯಾ ನೋಡಿ ಕೊಡಿಸಿ. 2021ರ ಜನವರಿಯಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಅಂಗಡಿಯಲ್ಲಿ ಹೊಸ ಆಪ್ಟಿಮಸ್ ತಗೊಳ್ಳುವಾಗಲೂ ಪೆಟ್ಟಿಗೆ ತಿರುಗಿಸಿ ಆ ಗುರುತು ನೋಡಿ. ಹೊರದೇಶದ ಆಟಿಕೆ ಇಷ್ಟು ದುಬಾರಿ ಯಾಕೆ ಅನ್ನುವವರಿಗೆ ಒಂದು ಕಾರಣ: ಮೂಲ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿದರು.

ಕೊನೆಗೆ ಮುಷ್ಟಿಯ ವಿಷಯ. ಹಳೇ ಆಪ್ಟಿಮಸ್‌ಗಳಲ್ಲಿ ಮೊದಲು ಕಾಣೆಯಾಗೋದೇ ಅದು. ಹೊಸದಾಗಿ ಮಾಡಿದ ಬದಲಿ ಮುಷ್ಟಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಮನೆಯಲ್ಲಿ ಇಟ್ಟುಕೊಳ್ಳೋಕೆ ಧಾರಾಳವಾಗಿ ಹಾಕಿಕೊಳ್ಳಿ. ಮುಂದೆ ಯಾವತ್ತಾದರೂ ಮಾರುವುದಾದರೆ ಮುಷ್ಟಿ ಬದಲಿಯದು ಅಂತ ಹೇಳಿಯೇ ಮಾರಿ. ಕೆಂಪು ಮಾಸಿದೆ ಅಂತ ಬಣ್ಣ ಬಳಿಸಬೇಡಿ, ಹೊಸ ಸ್ಟಿಕ್ಕರ್ ಅಂಟಿಸೋಕೆ ಹಳೇದನ್ನು ಕೀಳಬೇಡಿ. ಮಗನಿಗೆ ವಾಯೇಜರ್ ಅಳತೆಯ ಹೊಸದೊಂದು ಕೊಡಿಸಿ. ಹಳೇದನ್ನು ಲಾರಿಯಿಂದ ರೋಬೋ ಮಾಡುವಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಎದೆಯ ಕಿಟಕಿ ತೆರೆಯುವ ಕೆಲಸ ಅವನಿಗೇ ಬಿಡಿ. ಅದಕ್ಕೂ ಮೊದಲು ಟ್ರಂಕಿನ ತಳದಲ್ಲಿ ಹಾಸಿದ ಕಾಗದವನ್ನೊಮ್ಮೆ ಎತ್ತಿ ನೋಡಿ. ಮುಷ್ಟಿಗಳು ಅಂಥ ಜಾಗದಲ್ಲೇ ಸಿಕ್ಕಿಕೊಂಡಿರುತ್ತವೆ.