ಕಾಡು ಕೊರೆದರೆ ಪೆಟ್ರೋಲ್ ಅಗ್ಗವಾದೀತೆ?

ತೈಲದ ಬಿಕ್ಕಟ್ಟು ಬಂದಾಗ ನಮ್ಮ ಕಾಡು, ಕಡಲು ಕೊರೆದರೆ ಪೆಟ್ರೋಲ್ ಅಗ್ಗವಾದೀತು ಎಂಬ ಮಾತು ಏಳುತ್ತದೆ. ಶಿರಸಿ, ಯಲ್ಲಾಪುರದ ಕಾಡಿನಡಿ ಎಷ್ಟು ಆಳ ಕೊರೆದರೂ ಕಚ್ಚಾ ತೈಲ ಸಿಗುವುದಿಲ್ಲ. ಕಡಲಿನ ಸೂಕ್ಷ್ಮಜೀವಿಗಳ ಅವಶೇಷ ಕೆಸರಿನೊಡನೆ ತಳ ಸೇರಿ, ಎರಡರಿಂದ ನಾಲ್ಕು ಕಿ.ಮೀ. ಆಳದಲ್ಲಿ ಹೂತು, 60ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಲಕ್ಷಾಂತರ ವರ್ಷ ಬೆಂದರೆ ಎಣ್ಣೆ. ಬಿಸಿ ಇನ್ನೂ ಏರಿದರೆ ಉಳಿಯುವುದು ಅನಿಲ. ಆದ ಎಣ್ಣೆ ಶೇಖರವಾಗಲು ಮರಳುಗಲ್ಲಿನಂಥ ಸಣ್ಣ ರಂಧ್ರಗಳ ಕಲ್ಲು ಬೇಕು, ಅದರ ಮೇಲೆ ಜೇಡಿಶಿಲೆಯಂಥ ಸೋರದ ಹೊದಿಕೆಯೂ ಬೇಕು. ನಮ್ಮ ಘಟ್ಟದ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು, ಕಾದು ಮಡಚಿ ರೂಪಾಂತರಗೊಂಡದ್ದು. ಅಲ್ಲಿ ಇವ್ಯಾವುವೂ ಇಲ್ಲ.

ಹಾಗಾಗಿ ಉತ್ತರ ಕನ್ನಡದ ಮಟ್ಟಿಗೆ ಪ್ರಶ್ನೆ ಇರುವುದು ಕಡಲಲ್ಲಿ. ಕೇರಳ–ಕೊಂಕಣ ಬೇಸಿನ್ ಎಂದು ಕರೆಯುವ ಪಶ್ಚಿಮ ತೀರದಾಚೆಯ ಪ್ರದೇಶದಲ್ಲಿ ಬಾವಿಗಳನ್ನು ಕೊರೆದದ್ದುಂಟು. ಲಾಭಕ್ಕೆ ತೆಗೆಯುವಷ್ಟು ಎಣ್ಣೆ ಈವರೆಗೆ ಸಿಕ್ಕಿಲ್ಲ. ಹಲವೆಡೆ ತಳದಲ್ಲಿ ದಪ್ಪ ಲಾವಾ ಪದರ ಇರುವುದರಿಂದ ಭೂಕಂಪನ ಸಮೀಕ್ಷೆಯಲ್ಲಿ (ಕಂಪನ ಹುಟ್ಟಿಸಿ, ಅದರ ಪ್ರತಿಧ್ವನಿಯಿಂದ ಕೆಳಗಿನ ಪದರಗಳನ್ನು ಅರಿಯುವ ವಿಧಾನ) ಕಳಿಸಿದ ಅಲೆಗಳು ಚದುರಿ, ಕೆಳಗಿನ ಚಿತ್ರವೇ ಮಸುಕಾಗುತ್ತದೆ.

ನಾಳೆ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ರಾಜಸ್ಥಾನದ ಮಂಗಳಾ ಕ್ಷೇತ್ರ ಪತ್ತೆಯಾದದ್ದು 2004ರಲ್ಲಿ, ಎಣ್ಣೆ ಬಂದದ್ದು 2009ರಲ್ಲಿ. ಅದು ಒಣನೆಲ. ಕೃಷ್ಣಾ–ಗೋದಾವರಿ ಆಳಕಡಲಿನ 98/2 ಬ್ಲಾಕನ್ನು (ತೈಲ ಹುಡುಕಲು ಗುರುತಿಸಿದ ಪ್ರದೇಶ) ಸರ್ಕಾರಿ ಕಂಪನಿ ಒಎನ್‌ಜಿಸಿ ಪಡೆದದ್ದು 2005ರಲ್ಲಿ, ಮೊದಲ ತೈಲ ತೆಗೆದದ್ದು 2024ರ ಜನವರಿಯಲ್ಲಿ. ಇಂದಿನ ಬಿಕ್ಕಟ್ಟಿಗೆ ಇಂದು ಕೊರೆಯುವ ಬಾವಿ ಒದಗಿಬರುವುದಿಲ್ಲ.

ಬಂದ ಎಣ್ಣೆಯೂ ಮಾರಾಟವಾಗುವುದು ಜಾಗತಿಕ ದರಕ್ಕೆ. ಅಲಾಸ್ಕಾದ ಆರ್ಕ್ಟಿಕ್ ವನ್ಯಜೀವಿ ಧಾಮದಲ್ಲಿ ತೈಲ ಕೊರೆಯುವ ಬಗ್ಗೆ ಅಮೆರಿಕದಲ್ಲಿ ದಶಕಗಳಿಂದ ನಡೆದಿರುವ ಜಗಳ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಕರಾವಳಿ ಬಯಲಿನಲ್ಲಿ ಸುಮಾರು 1,040 ಕೋಟಿ ಬ್ಯಾರೆಲ್ ತೆಗೆಯಬಹುದೆಂದು 1998ರಲ್ಲಿ ಅಮೆರಿಕದ ಭೂಗರ್ಭ ಸಮೀಕ್ಷಾ ಸಂಸ್ಥೆ ಅಂದಾಜಿಸಿತು (ಒಂದು ಬ್ಯಾರೆಲ್ ಎಂದರೆ 159 ಲೀಟರ್). ಅಷ್ಟು ದೊಡ್ಡ ನಿಕ್ಷೇಪ ತೆರೆದರೂ 2025ರ ಹೊತ್ತಿಗೆ ದರ ಇಳಿಯುವುದು ಬ್ಯಾರೆಲ್‌ಗೆ ಸುಮಾರು 75 ಸೆಂಟ್ ಎಂದು ಅಲ್ಲಿನ ಸರ್ಕಾರದ್ದೇ ಇಂಧನ ಮಾಹಿತಿ ಸಂಸ್ಥೆ 2008ರಲ್ಲಿ ಲೆಕ್ಕ ಹಾಕಿತ್ತು. ಅಲ್ಲಿ ಕೊರೆಯುವ ಗುತ್ತಿಗೆಗಾಗಿ ನಡೆದ 2025ರ ಜನವರಿಯ ಹರಾಜಿಗೆ ಒಬ್ಬರೂ ಬಿಡ್ ಹಾಕಲಿಲ್ಲ.

ದೇಶದೊಳಗಿನ ಎಣ್ಣೆಯಿಂದ ವಿದೇಶಿ ವಿನಿಮಯ ಉಳಿಯುತ್ತದೆ, ನೆಲದ ಬಾವಿಯಾದರೆ ರಾಜ್ಯಕ್ಕೆ, ಕಡಲಿನದ್ದಾದರೆ ಕೇಂದ್ರಕ್ಕೆ ರಾಯಲ್ಟಿ ಬರುತ್ತದೆ. ಇದು ನಿಜವಾದ ಲಾಭ. ಬಳಸುವ ಕಚ್ಚಾ ತೈಲದಲ್ಲಿ ಶೇ 85ಕ್ಕೂ ಹೆಚ್ಚನ್ನು ಹೊರಗಿನಿಂದ ತರುವ ದೇಶ ಇದನ್ನು ಹಗುರವಾಗಿ ಕಾಣಬಾರದು. ಅದಕ್ಕೆ ಹೊಸ ಕಾಡು ಬೇಕಿಲ್ಲ. ಹಳೆಯ ಕ್ಷೇತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆ ಕಲ್ಲಿನ ರಂಧ್ರಗಳಲ್ಲೇ ಉಳಿದಿರುತ್ತದೆ. ನೀರಿಗೆ ಪಾಲಿಮರ್ ಬೆರೆಸಿ ಮಂದ ಮಾಡಿ ಒಳನೂಕಿದರೆ ಅದರಲ್ಲೊಂದಿಷ್ಟು ಹೊರಬರುತ್ತದೆ. ಮಂಗಳಾದಲ್ಲಿ ಮಾಡುತ್ತಿರುವುದು ಇದನ್ನೇ.

ಕಾಡಿನಂಚಿನ ಬಾವಿ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಅಸ್ಸಾಂನ ಬಾಘಜಾನ್ ತೋರಿಸಿತು. 2020ರ ಮೇ 27ರಂದು, ದುರಸ್ತಿ ನಡೆಯುತ್ತಿದ್ದ ಅನಿಲ ಬಾವಿಯಿಂದ ಒತ್ತಡ ತಡೆಯುವ ಕವಾಟ ತೆಗೆದಿದ್ದ ಹೊತ್ತಿನಲ್ಲಿ ಅನಿಲ ಉಕ್ಕಿತು. ಜೂನ್ 9ರಂದು ಬೆಂಕಿ ಹತ್ತಿತು. ಪೂರ್ತಿ ಆರಿದ್ದು ನವೆಂಬರಿನಲ್ಲಿ. ಪಕ್ಕದಲ್ಲೇ ದಿಬ್ರು–ಸೈಖೋವಾ ರಾಷ್ಟ್ರೀಯ ಉದ್ಯಾನ, ಮಾಗುರಿ–ಮೋಟಾಪುಂಗ್ ಜೌಗು. ಕವಾಟ ತೆಗೆಯುವ ಮುನ್ನ ಒಳಗಿನ ಸಿಮೆಂಟ್ ಬಿರಡೆ ಗಟ್ಟಿಯಾಗಿದೆಯೇ ಎಂದು ಒತ್ತಡ ಹಾಕಿ ಪರೀಕ್ಷಿಸಬೇಕು. ಈ ಒಂದು ಹೆಜ್ಜೆ ತಪ್ಪಿದರೆ ಮುಂದೆ ತಡೆಯೇ ಇರುವುದಿಲ್ಲ.

ಕಾರವಾರಕ್ಕೆ ಇದರ ಸಣ್ಣ ರೂಪ ಗೊತ್ತು. 2006ರ ಮೇ ಕೊನೆಯಲ್ಲಿ ಓಷನ್ ಸೆರಾಯಾ ಹಡಗು ದ್ವೀಪದ ಬಂಡೆಗೆ ಸಿಕ್ಕಿ, ಅದರ ಎಂಜಿನ್ನಿಗಿದ್ದ ಇಂಧನ ಸೋರಿತು. ಗೋವೆಯ ದಕ್ಷಿಣ ತೀರಕ್ಕೂ ಜಿಡ್ಡು ಹೋಯಿತು. ಎಣ್ಣೆ ತಡೆಯಲು ಬಿಡುವ ತೇಲು ಬೇಲಿಗೆ ಅಡ್ಡವಾಗಿ ಸೆಕೆಂಡಿಗೆ 35 ಸೆಂ.ಮೀ. ಮೀರಿದ ಪ್ರವಾಹ ಬಂದರೆ ಎಣ್ಣೆ ಅಡಿಯಿಂದ ನುಸುಳುತ್ತದೆ. ಜೂನ್–ಜುಲೈಯ ನಮ್ಮ ಕಡಲಿನಲ್ಲಿ ಅಂಥ ಬೇಲಿ ನಿಲ್ಲುವುದೇ ಇಲ್ಲ.

ಬಿಕ್ಕಟ್ಟಿನಲ್ಲಿ ಕೈ ಹಿಡಿಯುವುದು ದಾಸ್ತಾನು. ಉಡುಪಿಯ ಪಾದೂರಿನಲ್ಲಿ 25 ಲಕ್ಷ, ಮಂಗಳೂರಿನಲ್ಲಿ 15 ಲಕ್ಷ, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಗುಹೆಗಳಿವೆ. ಎಣ್ಣೆ ಕೊಡಲಾರದ ಹಳೆಯ ಗಟ್ಟಿ ಕಲ್ಲೇ ಇಲ್ಲಿ ಎಣ್ಣೆ ಕಾಯುತ್ತದೆ. ಗುಹೆಗೆ ಉಕ್ಕಿನ ಒಳಪದರವಿಲ್ಲ. ಮೇಲೆ ಸುರಂಗ ತೋಡಿ, ಅಲ್ಲಿಂದ ಸಾಲಾಗಿ ರಂಧ್ರ ಕೊರೆದು ನೀರು ತುಂಬುತ್ತಾರೆ. ಸುತ್ತಲಿನ ನೀರಿನ ಒತ್ತಡ ಒಳಗಿನದಕ್ಕಿಂತ ಸದಾ ಹೆಚ್ಚಿರುವುದರಿಂದ ಬಿರುಕಿನಲ್ಲಿ ನೀರು ಒಳಗೆ ಬರುತ್ತದೆಯೇ ಹೊರತು ಎಣ್ಣೆ ಹೊರಗೆ ಹೋಗುವುದಿಲ್ಲ. ತಳದಲ್ಲಿ ನಿಂತ ನೀರನ್ನು ಪಂಪ್ ಎತ್ತುತ್ತಿರುತ್ತದೆ. ಅಂತರ್ಜಲ ಕುಸಿದರೆ ಈ ಏರ್ಪಾಡೇ ಕೆಡುತ್ತದೆ, ಆದ್ದರಿಂದ ನಿಗಾ ಬಿಡುವಂತಿಲ್ಲ. ಮೂರೂ ತುಂಬಿದ್ದರೆ ದೇಶಕ್ಕೆ ಒಂಬತ್ತು–ಹತ್ತು ದಿನ. ಇದು ಸಾಲದು.

ಉಳಿದದ್ದು ಬಳಕೆ ತಗ್ಗಿಸುವುದು. ಮೀನುಗಾರಿಕೆ ಬೋಟನ್ನೇ ನೋಡಿ. 100 ಅಶ್ವಶಕ್ತಿಯ ಬೋಟ್ ಎಂಜಿನ್ ಮುಕ್ಕಾಲು ಹೊರೆಯಲ್ಲಿ ಗಂಟೆಗೆ 15ರಿಂದ 18 ಲೀಟರ್ ಡೀಸೆಲ್ ಕುಡಿಯುತ್ತದೆ. ಪ್ರೊಪೆಲ್ಲರ್‌ಗೆ ಬೇಕಾದ ಶಕ್ತಿ ಅದು ನಿಮಿಷಕ್ಕೆ ತಿರುಗುವ ಸುತ್ತಿನ ಘನಕ್ಕೆ (ಮೂರು ಸಲ ಗುಣಿಸಿದ್ದಕ್ಕೆ) ಅನುಗುಣವಾದ್ದರಿಂದ, ಸುತ್ತನ್ನು ಶೇ 10 ಇಳಿಸಿದರೆ ಶಕ್ತಿ ಶೇ 27 ಇಳಿಯುತ್ತದೆ. ದಾರಿ ಸ್ವಲ್ಪ ನಿಧಾನ, ಅಷ್ಟೇ. ಬಲೆ ಎಳೆಯುವಾಗ ಈ ಲೆಕ್ಕ ನಡೆಯದು. ಬಂದರಿನಿಂದ ಹೋಗಿ ಬರುವ ದಾರಿಗೆ ಸರಿ. ಜೂನ್–ಜುಲೈ ಮೀನುಗಾರಿಕೆ ನಿಷೇಧದಲ್ಲಿ ಬೋಟ್ ಮೇಲೆಳೆದಾಗ ತಳಕ್ಕಂಟಿದ ಚಿಪ್ಪುಗಳನ್ನು ಕೆರೆದು ಬಣ್ಣ ಹೊಡೆಯದಿದ್ದರೆ, ಆಗಸ್ಟಿನಲ್ಲಿ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಡೀಸೆಲ್ ಕೇಳುತ್ತದೆ.