ಗೋಡೆಯಿಂದ ಕಾಲಿಗೆ ಇಳಿದ ಕತೆ

ಜಾವಾ ದ್ವೀಪದ ಬೊರೊಬುದುರ್ ಸ್ತೂಪವನ್ನು ಒಂದೇ ಕಡೆ ನಿಂತು ನೋಡಿದರೆ ಅರ್ಧವೂ ದಕ್ಕುವುದಿಲ್ಲ. ಸುಮಾರು 9ನೇ ಶತಮಾನದ ಈ ಕಟ್ಟಡದಲ್ಲಿ ಕತೆ ಹೇಳುವ ಉಬ್ಬುಶಿಲ್ಪಗಳೇ 1,460 ಇವೆ. ಪೂರ್ವದ ಮೆಟ್ಟಿಲು ಹತ್ತಿ, ಸ್ತೂಪ ಬಲಗಡೆಗೆ ಬರುವ ಹಾಗೆ ಪ್ರದಕ್ಷಿಣೆ ಹಾಕಬೇಕು. ಬುದ್ಧನ ಬದುಕಿನಲ್ಲಿ ಮುಂದೇನಾಯಿತು ಅಂತ ತಿಳಿಯಬೇಕಾದರೆ ಮೂಲೆ ತಿರುಗಲೇಬೇಕು. ಹಾಗೆ ಸುತ್ತುತ್ತಾ ಮೇಲೇರಿದರೆ, ಕೊನೆಗೆ ಕೆತ್ತನೆಯೇ ಇಲ್ಲದ ದುಂಡು ಜಗಲಿಗಳು, 72 ಪುಟ್ಟ ಸ್ತೂಪಗಳು, ಮೇಲೆ ಆಕಾಶ. ಅಲ್ಲಿ ಕತೆ ಮೌನವಾಗುತ್ತದೆ. ಆ ಮೌನವನ್ನೂ ಕಟ್ಟಿದವರೇ ಯೋಚಿಸಿ ಇಟ್ಟಿದ್ದಾರೆ ಅನ್ನುವುದು ನನ್ನ ನಂಬಿಕೆ.

ರೋಮಿನಲ್ಲಿ ಕ್ರಿ.ಶ. 113ರಲ್ಲಿ ನಿಂತ ಟ್ರಾಜನ್ ಚಕ್ರವರ್ತಿಯ ಸ್ತಂಭದ ಮೇಲೂ ಎರಡು ಯುದ್ಧಗಳ ಇಡೀ ಕತೆ ಸುರುಳಿ ಸುತ್ತಿಕೊಂಡಿದೆ. ಆದರೆ ಕೆಳಗೆ ನಿಂತವರ ಕಣ್ಣಿಗೆ ಮೇಲಿನ ಸುತ್ತುಗಳು ಸರಿಯಾಗಿ ಕಾಣುವುದೇ ಇಲ್ಲ. ಕತೆ ಚೆನ್ನಾಗಿದ್ದರೆ ಸಾಲದು, ಕೇಳುವವರು ನಿಲ್ಲುವ ಜಾಗವೂ ಸರಿಯಿರಬೇಕು ಅಲ್ವಾ?

20ನೇ ಶತಮಾನದ ಆರಂಭದಲ್ಲಿ ಹೊಸ ಕಾಲದ ಆರ್ಕಿಟೆಕ್ಟ್‌ಗಳು ಗೋಡೆಯ ಕೆತ್ತನೆಯನ್ನೇ ಬೇಡ ಅಂದರು. ಕತೆ ಮಾತ್ರ ಹೋಗಲಿಲ್ಲ, ನಡೆಯುವವರ ಕಾಲಿಗೆ ಇಳಿಯಿತು. ಪ್ಯಾರಿಸ್ ಹತ್ತಿರ ಲ ಕಾರ್ಬೂಸಿಯೆ 1931ರ ಹೊತ್ತಿಗೆ ಮುಗಿಸಿದ ವಿಲ್ಲಾ ಸವೊಯ್ ಮನೆಯಲ್ಲಿ ನೆಲದಿಂದ ತಾರಸಿವರೆಗೆ ಇಳಿಜಾರು ದಾರಿಯಿದೆ. ಹತ್ತುತ್ತಾ ಹೋದ ಹಾಗೆ ಮನೆ ಒಂದೊಂದೇ ನೋಟವಾಗಿ ತೆರೆದುಕೊಳ್ಳುತ್ತದೆ.

ಈ ದಾರಿಯಲ್ಲಿ ನನ್ನನ್ನು ತುಂಬಾ ಕಾಡುವುದು ವಾಷಿಂಗ್ಟನ್‌ನ ವಿಯೆಟ್ನಾಂ ಯುದ್ಧ ಸ್ಮಾರಕ. 1981ರ ಸ್ಪರ್ಧೆಯಲ್ಲಿ 1,421 ವಿನ್ಯಾಸಗಳ ನಡುವೆ ಗೆದ್ದ ಮಾಯಾ ಲಿನ್‌ಗೆ ಆಗ 21 ವರ್ಷ, ಇನ್ನೂ ವಿದ್ಯಾರ್ಥಿನಿ. ಅಲ್ಲಿ ಪ್ರತಿಮೆಯಿಲ್ಲದ ಎರಡು ಕಪ್ಪು ಗೋಡೆಗಳು, ಮೇಲೆ ಬರೀ ಹೆಸರುಗಳು. ತುದಿಯಲ್ಲಿ ಗೋಡೆ ಪಾದದ ಎತ್ತರಕ್ಕಿದೆ. ದಾರಿ ಇಳಿದ ಹಾಗೆ ಅದು ಬೆಳೆದು, ಎರಡೂ ಗೋಡೆ ಸೇರುವ ಮೂಲೆಯಲ್ಲಿ ಸುಮಾರು 3 ಮೀಟರ್ ಆಗುತ್ತದೆ. ನುಣುಪಾದ ಕಲ್ಲಿನಲ್ಲಿ ನಮ್ಮ ಮುಖವೂ ಹೆಸರುಗಳ ನಡುವೆ ಕಾಣುತ್ತದೆ.

ಹುಡುಕುವುದಕ್ಕೆ ಅಕ್ಷರಮಾಲೆಯ ಕ್ರಮವೇ ಸುಲಭವಿತ್ತು. ಆದರೆ ಲಿನ್ ಹೆಸರುಗಳನ್ನು ಸತ್ತ ದಿನದ ಕ್ರಮದಲ್ಲಿ ಜೋಡಿಸಿದರು. ಜೊತೆಗೆ ಸತ್ತವರು ಜೊತೆಗೇ ಉಳಿದರು. ಸಾಲು 1959ರಿಂದ ಆ ಮೂಲೆಯಲ್ಲೇ ಶುರುವಾಗಿ ಬಲಗಡೆಯ ತುದಿಯವರೆಗೆ ಹೋಗುತ್ತದೆ. ಎಡಗಡೆಯ ತುದಿಯಲ್ಲಿ ಮತ್ತೆ ಹುಟ್ಟಿ, ಮೂಲೆಗೇ ವಾಪಸ್ ಬರುತ್ತದೆ. 1975ರ ಕೊನೆಯ ಹೆಸರು ಓದಿ ಮುಗಿಸಿದವರ ಬಲಕ್ಕೆ, ಒಂದೇ ಹೆಜ್ಜೆಯಾಚೆ, ಮೊದಲು ಸತ್ತವರ ಹೆಸರಿದೆ.